ಲವೀನಿಯಾಳ ಹೆಗಲ ಪಟ್ಟಿ

ಯಾರ್ಕ್‌ಷೈರಿನ ನಮ್ಮ ಗಿರಣಿ ಊರಿನಲ್ಲಿ, ಟೌನ್ ಹಾಲಿನ ಬಸ್ಸಿಗೆ ಕಾಯುತ್ತಿದ್ದ ಸಾಲಿನಲ್ಲಿ, ನನ್ನ ಮುಂದೆ ಒಬ್ಬ ಮುದುಕಿ, ಅವಳ ತಮ್ಮನ ಮಗಳು ಬೆರಿಲ್ ನಿಂತಿದ್ದರು. ಹೆಂಗಸರಿಗೆ ಮತದ ಹಕ್ಕು ಸಿಕ್ಕು ಐವತ್ತು ವರ್ಷವಾಯಿತೆಂದು ಊರವರು ಕಲ್ಲು ನೆಡಲಿದ್ದರು. ಆ ಹಕ್ಕು ಕೇಳಿ ಬೀದಿಯಲ್ಲಿ ಸತ್ತ ಲವೀನಿಯಾ, ಈ ಮುದುಕಿಯ ಚಿಕ್ಕಮ್ಮ. ಅವಳ ನೆನಪಿನ ಆ ಕಲ್ಲಿನ ಮೇಲೆ ಕೆತ್ತುವ ಮಾತನ್ನು ಮನೆಯವರೇ ಅಂದು ಟೌನ್ ಹಾಲಿಗೆ ಕೊಡಬೇಕಿತ್ತು.

“ಅಂಗಡಿಗೆ ಹೊರಟಿದ್ದ ದಾರಿಹೋಕಳು, ಕಾಲು ಜಾರಿ ಕುದುರೆ ಕೆಳಗೆ ಬಿದ್ಲು ಅಂತ ಆಗಿನ ಪತ್ರಿಕೇಲಿದೆ ಅತ್ತೆ.”

“ಅವಳ ಗೆಳತಿ ಬರೆದಿದ್ದನ್ನೂ ಓದಿದ್ಯಲ್ಲ.”

“ಓದಿದೆ. ಹೆಗಲಿಗೆ ಹೋರಾಟದ ಬಟ್ಟೆ ಪಟ್ಟಿ ಹಾಕ್ಕೊಂಡು ಮುಂದೆ ನಿಂತಿದ್ಲು, ಪೊಲೀಸಿನವನು ಬೇಕಂತಲೇ ಕುದುರೆ ಹಾಯಿಸಿದ ಅಂತ. ಆದ್ರೆ ಹೆಣದ ಮೇಲೆ ಪಟ್ಟೀನೇ ಇರಲಿಲ್ವಲ್ಲ! ಸುಳ್ಳುಬುರುಕಿ.”

“ಹಾಗನ್ನಬೇಡ್ವೇ. ಪತ್ರಿಕೆಯವರು ಬರೋ ಮೊದಲೇ ಪಟ್ಟಿ ತೆಗೆದಿದ್ದು ನಮ್ಮಮ್ಮ.”

“ಅಜ್ಜೀನಾ?”

“ಬೀದಿ ಗಲಾಟೆಯವಳಿಗೆ ಪ್ರಾರ್ಥನೆ ಮಾಡಲ್ಲ ಅಂದಿದ್ರು ಪಾದ್ರಿ. ತಂಗಿಗೆ ಮಣ್ಣಾದ್ರೂ ಮರ್ಯಾದೆಯಿಂದ ಸಿಗಲಿ ಅಂತ ತೆಗೆದ್ಲು.”

“ಸುಟ್ಟುಬಿಟ್ಲಾ?”

“ಮನಸ್ಸು ಬರಲಿಲ್ಲ. ಟೀ ಆರದ ಹಾಗೆ ಪಾತ್ರೆಗೆ ಹಾಕ್ತೀವಲ್ಲ, ಆ ಕುಲಾವಿ ಒಳಗಿಟ್ಟು ಹೊಲಿದ್ಲು.”

“ಅಯ್ಯೋ ಅತ್ತೆ, ಆ ಟೀ ಕುಡೀತಾನೇ ಗೆಳತೀನ ಬೈತಿದ್ವಲ್ಲ!”

“ನೀವು ಬೈತಿದ್ರಿ. ನಾನು ಸುಮ್ಮನೆ ಟೀ ಬಗ್ಗಿಸ್ತಿದ್ದೆ. ಆ ಗೆಳತಿ ಸತ್ತಾಗಲೂ ನಾನು ಬಾಯಿ ಬಿಡಲಿಲ್ಲ.”

ಬಸ್ಸು ಬಂತು. ಅವರಿಬ್ಬರೂ ಹತ್ತಲಿಲ್ಲ. ಮನೆಯ ಕಡೆಯ ಬಸ್ಸಿಗೆಂದು ರಸ್ತೆ ದಾಟುತ್ತ ಮುದುಕಿ ಹೇಳುತ್ತಿದ್ದಳು:

“ಆ ಕುಲಾವೀನ ನೀನೇ ಬಿಚ್ಚು ಬೆರಿಲ್. ಅದು ಅಮ್ಮನ ಹೊಲಿಗೆ. ನನಗೆ ಕೈ ಬರಲ್ಲ.”