ಹೊಸ ಬಣ್ಣ, ತಿರುಗದ ಫ್ಯಾನು

ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ದುಡ್ಡು ಕಟ್ಟುವ ಸಾಲಿನಲ್ಲಿ, ಒಬ್ಬ ದರ್ಜಿಯ ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಕಂಕುಳಲ್ಲಿ ಹೊಸ ರೇಡಿಯೇಟರ್ ಫ್ಯಾನಿನ ಡಬ್ಬ.

“ಫ್ಯಾನು ತಿರುಗ್ತಾನೇ ಇಲ್ಲ. ಇನ್ನೊಂದ್ಸಲ ಎಂಜಿನ್ ಕುದಿದ್ರೆ ಆ ಹಳೇ ಸ್ಪೋರ್ಟ್ಸ್ ಕಾರು ಮಾರ್ಬಿಡ್ತೀನಿ ಅಂದಿದ್ದಾರೆ ಅಪ್ಪ,” ಅಂದ ತಮ್ಮ.

“ಫ್ಯೂಸು, ರಿಲೇ ನೋಡಿದ್ಯಾ?”

“ಎರಡೂ ಹೊಸದು. ಬ್ಯಾಟರಿಯಿಂದ ಎರಡು ವೈರು ನೇರ ಕೊಟ್ರೆ ಹಳೇ ಫ್ಯಾನು ಗಿರ್ರಂತ ತಿರುಗುತ್ತೆ.”

“ಮತ್ತೆ ಹೊಸ ಫ್ಯಾನು ಯಾಕೋ, ಪೆದ್ದ? ಅರ್ಥ್ ವೈರು ಕಾರಿನ ಕಬ್ಬಿಣಕ್ಕೆ ತಾಗ್ತಿಲ್ಲ, ಕರೆಂಟ್ ಹರೀತಿಲ್ಲ. ಬೋಲ್ಟಿನ ಕೆಳಗೆ ಯಾವನೋ ತಲೆಕೆಟ್ಟವನು ಬಣ್ಣ ಬಳಿದಿರ್ತಾನೆ.”

“ಹೋದ ತಿಂಗಳು ಬಳಿದಿದ್ದು ನೀನು. ಒಂದಿಂಚೂ ಬಿಟ್ಟಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ.”

ಅಕ್ಕ ಡಬ್ಬದ ಕಡೆ ಬೆರಳು ತೋರಿಸಿದಳು.

“ಡಬ್ಬ ವಾಪಸ್ ಇಡು. ಮನೇಲಿ ಉಪ್ಪುಕಾಗದ ಇದೆ, ಬೋಲ್ಟಿನ ಕೆಳಗಿನ ಬಣ್ಣ ಉಜ್ಜಿ ತೆಗೆಯೋಣ.”

“ಅಪ್ಪಂಗೆ ಏನ್ ಹೇಳ್ಲಿ?”

“ಅಕ್ಕ ಸರಿಮಾಡಿದಳು ಅನ್ನು. ಅಷ್ಟು ಸಾಕು.”

ಇಬ್ಬರೂ ಸಾಲು ಬಿಟ್ಟರು. ದರ್ಜಿ ನಗು ನುಂಗಿಕೊಂಡು ಮುಂದೆ ಸರಿದ.