ಕೊಕ್ಕರೆಯ ಮೊಣಕೈ

ನಗಬೇಡಿ ಡಾಕ್ಟರೇ. ...ಅಲ್ಲ, ನಗೋದಾದ್ರೆ ಬಾಯ್ತುಂಬ ನಕ್ಕುಬಿಡಿ, ಹೀಗೆ ಮೂಗೊಳಗೆ ನಗಬೇಡಿ! ಮೈದಾನದಲ್ಲಿ ಅಷ್ಟೂ ಜನ ನಕ್ಕಾಯ್ತು, ನೀವೊಬ್ರು ಯಾಕೆ ಬಾಕಿ? ಮೂವತ್ತಾರು ವರ್ಷದ ಮಿಡ್‌ಫೀಲ್ಡರು, ಎದುರು ಟೀಮಿನವನ ಕಾಲಿಗೇ ಬಾಲು ಪಾಸ್ ಮಾಡಿದ. ತಟ್ಟೇಲಿಟ್ಟು ಕೊಟ್ಟ ಹಾಗೆ. ಅವನು ಗೋಲ್ ಹೊಡ್ದ, ಹಾಫ್‌ಟೈಮ್ ಆಯ್ತು, ನಮ್ಮ ಕೋಚು ನನ್ನ ಕುತ್ತಿಗೆ ಹಿಡಿದು ನಿಮ್ಮ ರೂಮಿಗೆ ತಳ್ಳಿದ. 'ಡಾಕ್ಟರು ಹೂಂ ಅಂದ್ರೆ ಮಾತ್ರ ಸೆಕೆಂಡ್ ಹಾಫ್ ಆಡು' ಅಂತೆ. ಸರಿ, ಹೂಂ ಅನ್ನಿ, ಹೋಗ್ತೀನಿ.

ಹೇಳಿದ್ನಲ್ಲ, ಮೊಣಕೈ! ಅವರ ಆ ಉದ್ದನೆ ಡಿಫೆಂಡರು, ಕೊಕ್ಕರೆ ಥರ ಇದ್ದಾನಲ್ಲ, ಅವನು ಬಾಲು ಬರೋ ಹೊತ್ತಿಗೆ ನನ್ನ ಕಿವಿ ಮೇಲೆ ಮೊಣಕೈಯಲ್ಲಿ ಕುಟ್ಟಿದ. ಇಲ್ಲಿ, ಇಲ್ಲಿ... ಕೆಂಪಾಗಿಲ್ವಾ? ಆಗುತ್ತೆ ಬಿಡಿ, ಸ್ವಲ್ಪ ಹೊತ್ತು ಬೇಕು. ರೆಫರಿ ನೋಡ್ಲಿಲ್ಲ. ಅವನು ಏನು ನೋಡ್ತಾನೆ! ಕಣ್ಣಿದ್ದೋನಿಗೆ ಸೀಟಿ ಕೊಡ್ತಾರಾ ಯಾರಾದ್ರೂ? ಏಟು ಬಿದ್ದಾಗ ತಲೆ ಗಿಂವ್ ಅಂತು, ಕಣ್ಣು ಕತ್ತಲೆ ಬಂತು, ನೀಲಿ ಜೆರ್ಸಿಗೆ ಪಾಸ್ ಹೋಯ್ತು. ಅಷ್ಟೇ ಕತೆ.

ಏನಂದ್ರಿ?

ಇವತ್ತು ಯಾವ ಟೀಮಿಗೆ ಆಡ್ತಿದೀನಾ? ಹ್ಹ! ಇದನ್ನ ಓದೋಕಾ ಅಷ್ಟು ವರ್ಷ ಕಾಲೇಜಿಗೆ ಹೋಗಿದ್ದು? ಅಂಗನವಾಡಿ ಟೀಚರ್ ಕೇಳೋ ಪ್ರಶ್ನೆ! 'ಪುಟ್ಟಾ, ನಿನ್ನ ಹೆಸರೇನು?' ...ಎಷ್ಟು ಟೀಮಿಗೆ ಆಡಿದೀನಿ ಅಂತ ಕೇಳಿ ಸ್ವಾಮಿ, ಅದು ಪ್ರಶ್ನೆ!

ಮೊದಲು ಬಂದರಿನ ಟೀಮು. ಮೈದಾನದ ಮೂಲೇಲಿ ನಿಂತ್ರೆ ಮೀನಿನ ವಾಸನೆ, ಕೋಚಿನ ಪಕ್ಕ ನಿಂತ್ರೆ ಹೆಂಡದ ವಾಸನೆ. ಯಾವುದು ಮೇಲು ಅಂತ ನಾವು ಹುಡುಗರು ಬಾಜಿ ಕಟ್ತಿದ್ವಿ. ಆಮೇಲೆ ಗಿರಣಿ ಟೀಮು. ಅಲ್ಲಿ ಆಟಗಾರರನ್ನ ಆರಿಸ್ತಿದ್ದೋನು ಧಣಿಯ ಭಾವಮೈದ. ಜನ್ಮದಲ್ಲಿ ದಾರೀಲಿ ಬಿದ್ದ ಕಲ್ಲನ್ನೂ ಒದ್ದೋನಲ್ಲ! ಅವನು ನನಗೆ ಪಾಸ್ ಹೇಗೆ ಕೊಡ್ಬೇಕು ಅಂತ ಹೇಳಿಕೊಡ್ತಿದ್ದ, ಕಾಫಿ ಲೋಟ ಸಕ್ಕರೆ ಡಬ್ಬಿ ಇಟ್ಕೊಂಡು. ಕುಣೀಲಾರದವಳು ನೆಲ ಡೊಂಕು ಅಂದಳಂತೆ, ಇವನು ಕುಣಿಯೋಕೇ ಇಳಿಯದೆ ನೆಲ ಡೊಂಕು ಅಂತಿದ್ದ. ಆಮೇಲೆ ಹಿಮದ ದೇಶ. ಭಾಷೆ ಬರಲ್ಲ, ನಂಗೊಬ್ಬ ದುಭಾಷಿ. ಕೋಚು ಅರ್ಧ ಗಂಟೆ ಬಾಯಿ ಬಡ್ಕೊಂಡು, ಬೋರ್ಡಿನ ಮೇಲೆ ಗೀಚಿ, ಕುರ್ಚಿ ಒದ್ದು ಹೊರಗೆ ಹೋದ. ದುಭಾಷಿ ನನ್ನ ಕಡೆ ತಿರುಗಿ, 'ಓಡಬೇಕಂತೆ' ಅಂದ. ಅಷ್ಟೇ! ಅರ್ಧ ಗಂಟೆಗೆ ಒಂದು ಮಾತು!

ಈಗ ನಿಜವಾಗ್ಲೂ ನಕ್ರಿ. ಹಾಂ, ಹಾಗೆ ನಗಿ.

ಪ್ರತಿ ಊರಲ್ಲೂ ಮೊದಲ ದಿನ ಅದೇ ನಾಟಕ ಡಾಕ್ಟರೇ. ಕುತ್ತಿಗೆಗೆ ಅವರ ಬಣ್ಣದ ಶಾಲು, ಎದೆ ಮೇಲಿನ ಚಿಹ್ನೆಗೆ ಮುತ್ತು, ಕ್ಯಾಮೆರಾ ಮುಂದೆ ಒಂದೇ ಡೈಲಾಗು: 'ಚಿಕ್ಕಂದಿನಿಂದ ಇದೇ ಟೀಮಿಗೆ ಆಡ್ಬೇಕು ಅಂತ ಕನಸು ಕಂಡಿದ್ದೆ.' ಎಷ್ಟು ಬಾಲ್ಯ ಇದ್ವೋ ನಂಗೆ! ಜನ ನಂಬ್ತಾರೆ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ಹೆಗಲ ಮೇಲೆ ಹೊತ್ತು ಕುಣೀತಾರೆ, ನಾಲ್ಕು ಮ್ಯಾಚು ಸೋತ್ರೆ ಅವರೇ ಬಸ್ಸಿನ ಗಾಜು ಒಡೀತಾರೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡ್ತಿ ಪ್ರತಿ ಬಾಡಿಗೆ ಮನೆಗೂ ಕರ್ಟನ್ ಹೊಲೀತಿದ್ಲು. ಈಗ ಕಿಟಕಿಗೆ ಬೆಡ್‌ಶೀಟ್ ಸಿಕ್ಕಿಸ್ತಾಳೆ. ಜಾಣೆ!

...ಮತ್ತೆ ಅದೇ ಪ್ರಶ್ನೆನಾ? ಯಾವ ಟೀಮು, ಯಾವ ಟೀಮು! ಬಿಡೋ ಹಾಗೆ ಕಾಣಲ್ಲ ನೀವು. ಹೇಳ್ತೀನಿ, ಆ ಜೆರ್ಸಿ ಕೊಡಿ ಇಲ್ಲಿ. ಬೆವರು ಆರಿ ಚಳಿ ಆಗ್ತಿದೆ. ...ಟವೆಲ್ ಬೇಡ, ಜೆರ್ಸಿ ಕೊಡಿ ಅಂದೆ. ಅದನ್ಯಾಕೆ ಬೆನ್ನ ಹಿಂದೆ ಇಟ್ಕೊಂಡ್ರಿ? ಮಕ್ಕಳಾಟ! ಬಿಳಿ, ಬಿಳಿ ಜೆರ್ಸಿ, ಗೊತ್ತು ನಂಗೆ. ಸಾಲದಾ? ಬಿಳಿ ಹಾಕಿದೋನು ಬಿಳಿಗೆ ಪಾಸ್ ಕೊಡ್ಬೇಕು. ಅಷ್ಟು ಗೊತ್ತಿದ್ರೆ ಹೊಟ್ಟೆ ತುಂಬುತ್ತೆ. ಧಣಿ ಯಾರು, ಊರು ಯಾವುದು, ಯಾರಿಗೆ ಬೇಕು?

ಓಹೋ. ಯಾರು ಹೇಳಿದ್ರು ನಿಮಗೆ? ಅವಳಾ? ನನ್ನ ಹೆಂಡ್ತಿ ಫೋನ್ ಮಾಡಿದ್ಲಾ? ಹೆಂಗಸರಿಗೆ ಕಡ್ಡಿ ಸಿಕ್ಕಿದ್ರೆ ಸಾಕು, ಗುಡ್ಡ ಮಾಡ್ತಾರೆ! ಹೌದು ಸ್ವಾಮಿ, ಹೋದ ವಾರ ಪ್ರಾಕ್ಟೀಸಿಗೆ ಅಂತ ಹೊರಟು ಗಿರಣಿ ಮೈದಾನಕ್ಕೆ ಹೋಗಿದ್ದೆ. ಮೂರು ಗಂಟೆ ದಾರಿ. ಏನೀಗ? ಹಳೇ ಗೆಳೆಯರನ್ನ ನೋಡೋಣ ಅನ್ನಿಸ್ತು. ...ಬೂಟು ಹಾಕ್ಕೊಂಡೇ ಹೋಗಿದ್ದೆ, ಅದಕ್ಕೇನು? ...ಅಲ್ಲಿ ಬಟ್ಟೆ ಬದಲಾಯಿಸೋ ರೂಮಲ್ಲಿ ನನ್ನ ಹಳೇ ಜಾಗದಲ್ಲಿ ಕೂತಿದ್ದೆ ಅಂದ್ಲಾ? ತಮಾಷೆಗೆ ಕೂತೆ! ಆ ಜಾಗದವನು ಬಂದು ಎದ್ದೇಳಿ ಸಾರ್ ಅಂದ. ಎದ್ದೆ. ಮುಗೀತು.

ನನ್ನ ತಲೆ ಬಗ್ಗೆ ನಿಮಗೆ ಗೊತ್ತಿಲ್ಲ. ಮಿಡ್‌ಫೀಲ್ಡರ್ ಅಂದ್ರೆ ಕಾಲಲ್ಲ, ತಲೆ! ಬಾಲು ಬರೋಕೆ ಮುಂಚೆ ಈ ಹೆಗಲ ಮೇಲಿಂದ ಒಂದು ಸಲ, ಆ ಹೆಗಲ ಮೇಲಿಂದ ಒಂದು ಸಲ ಹಿಂದೆ ನೋಡ್ಬೇಕು. ಯಾರು ಎಲ್ಲಿದ್ದಾರೆ, ಯಾರು ಓಡ್ತಿದ್ದಾರೆ, ಎಲ್ಲಾ ಒಳಗೆ ಅಚ್ಚೊತ್ತಿರ್ಬೇಕು. ಕಾಲು ಇರೋರು ಬೀದಿಗೊಬ್ರು ಸಿಗ್ತಾರೆ. ನನ್ನನ್ನ ಎಲ್ಲಾ ಊರೋರೂ ಕರೆದಿದ್ದು ಈ ತಲೆಗೆ. ಇದಕ್ಕೆ ಪರೀಕ್ಷೆ ಮಾಡ್ತೀರಾ ನೀವು? ಆ ಕೊಕ್ಕರೆ ಕುಟ್ಟದೆ ಇದ್ದಿದ್ರೆ...

ಏನದು, ಫೋನಲ್ಲಿ? ಆಗಲೇ ವಿಡಿಯೋ ಬಂತಾ? ಜನಕ್ಕೆ ಇದೇ ಕೆಲಸ. ತೋರ್ಸಿ, ತೋರ್ಸಿ, ನೀವೇ ನೋಡಿ ಆ ಮೊಣಕೈನ! ನಾನು, ಇಗೋ ನಾನು. ಹಿಂದೆ ನೋಡ್ದೆ. ನೋಡಿದ್ರಾ, ಎರಡೂ ಕಡೆ ನೋಡ್ದೆ! ಬಾಲು ಬಂತು. ಈಗ ಬರ್ತಾನೆ ನೋಡಿ, ಕೊಕ್ಕರೆ... ಈಗ...

ಇನ್ನೊಂದ್ಸಲ ಹಾಕಿ.

ಎಲ್ಲಿ ಅವನು? ...ಆ ಕೊನೇಲಿ ನಿಂತಿರೋನಾ? ಗೋಲಿನ ಹತ್ರ? ಅಷ್ಟು ದೂರ? ...ಬೇರೆ ಮ್ಯಾಚಿನದಿರ್ಬೇಕು ಇದು. ಕತ್ತರಿಸಿದಾರೆ! ಈ ಕಾಲದಲ್ಲಿ ಏನು ಬೇಕಾದ್ರೂ ಮಾಡ್ತಾರೆ, ಗೊತ್ತಲ್ಲ ನಿಮಗೆ... ಅಲ್ವಾ?

ಮಾತಾಡಿ ಡಾಕ್ಟರೇ.

ಬೈಯಿರಿ, ಸುಳ್ಳುಗಾರ ಅನ್ನಿ. ಆ ಪ್ರಶ್ನೆನಾದ್ರೂ ಕೇಳಿ. ಹೀಗೆ ಸುಮ್ಮನೆ ನನ್ನ ಮುಖ ನೋಡಬೇಡಿ... ನೋಡಬೇಡಿ ಹಾಗೆ!

...ಹೌದು. ಯಾರೂ ಮುಟ್ಲಿಲ್ಲ. ನನ್ನ ಹತ್ರ ಯಾರೂ ಇರ್ಲಿಲ್ಲ. ಗೊತ್ತಿತ್ತು ನಂಗೆ. ಯಾವ ಟೀಮು ಅಂತ ದಿನಾ ಬೆಳಿಗ್ಗೆ ನನ್ನ ಹೆಂಡ್ತಿ ಹೇಳಿ ಕಳಿಸ್ತಾಳೆ, ಕಾರಿನ ಬಾಗಿಲ ಹತ್ರ ನಿಂತು. ಇವತ್ತೂ ಹೇಳಿದ್ಲು. ಮೈದಾನಕ್ಕೆ ಬರೋವರೆಗೂ ಬಾಯಲ್ಲೇ ಹೇಳ್ಕೊತಾ ಇದ್ದೆ. ಭಯ ಡಾಕ್ಟರೇ, ತುಂಬಾ ಭಯ ಆಗುತ್ತೆ. ಆದ್ರೂ ಬಾಲು ಕಾಲಿಗೆ ಬಂದ್ರೆ ಎಲ್ಲಾ ಸರಿಹೋಗ್ತಿತ್ತು. ಇಷ್ಟು ದಿನ ಹೋಗ್ತಿತ್ತು, ಆಣೆ. ಇನ್ನೊಂದು ಹಾಫ್ ಬಿಟ್ಟುಬಿಡಿ ನನ್ನ. ಇದೊಂದೇ. ಹೂಂ ಅನ್ನಿ...

ಶುರುವಾಗಿಬಿಡ್ತಾ ಆಗ್ಲೇ? ನನ್ನ ಬಿಟ್ಟು?

ಕೇಳಿಸ್ತಾ? ಗೋಡೆ ಎಲ್ಲಾ ನಡುಗ್ತಿದೆ. ಗೋಲು! ಗೋಲ್ ಹೊಡೆದ್ರು! ಯಾರು? ನಮ್ಮವರಾ? ಡಾಕ್ಟರೇ, ನಮ್ಮವರಾ ಹೊಡೆದಿದ್ದು?

...ನಮ್ಮವರು ಯಾರು?