ಮಡಿಕೆ ಬಿಚ್ಚದ ಖಣ

ಒಂದೂರಿನ ಸಾಹುಕಾರರ ಮನೆಯಲ್ಲಿ ರೊಟ್ಟಿ ಬಡಿಯುವ ಹೆಂಗಸಿಗೆ ಖಣದ ಕುಪ್ಪಸ ಇರಲಿಲ್ಲ. ಉಡಲು ಸೀರೆ ಇತ್ತು, ತೊಡಲು ಬೇರೆ ಕುಪ್ಪಸವೂ ಇತ್ತು. ಖಣದ್ದು ಇರಲಿಲ್ಲ, ಅಷ್ಟೇ.

ನೋಡಿ, ಆಸೆಗೆ ಬಡವರ ಮನೆ ಬೇರೆ, ಶ್ರೀಮಂತರ ಮನೆ ಬೇರೆ ಅಂತ ಉಂಟೇ? ಕೂಡಿಟ್ಟು ಕೂಡಿಟ್ಟು ಒಂದು ಕುಪ್ಪಸಕ್ಕಾಗುವ ಖಣ ತಂದಳು. ದಾಳಿಂಬೆ ಬಣ್ಣ, ಬಿಳಿ ಚುಕ್ಕೆ, ಎರಡೂ ಕಡೆ ಅಂಚು.

ಸಿಂಪಿಗ ಅಳೆದು ನೋಡಿದ. "ಯಕ್ಕಾ, ಇದು ಹೊಲಿಸೋ ಖಣ, ಕೊಡೋ ಖಣ ಅಲ್ಲ. ಮೊಣಕೈತನಾ ತೋಳು ಬರತೈತಿ. ಅಂಚು ತೋಳಿನ ತುದೀಗೇ ಕುಂದರತೈತಿ."

ಕೊಡೋ ಖಣ ಯಾವುದೆಂದು ನಿಮಗೆ ಹೇಳಿಕೊಡಬೇಕೆ? ಉಡಿ ತುಂಬಲು ತರುವುದು. ತೋಳಿಗೆ ಬಟ್ಟೆ ಸಾಲದ್ದು. ಯಾರೂ ತೊಡದ್ದು.

ಹೊಲಿಯಲು ಹಾಕಬೇಕು ಅನ್ನುವಷ್ಟರಲ್ಲಿ ಸಾಹುಕಾರರ ಮಗಳ ಕುಬಸ ಬಂತು. ಬಸುರಿಗೆ ಖಣ ಕೊಡುವ ಕಾರ್ಯ; ಬರಿಗೈಯಲ್ಲಿ ಹೋಗುವುದು ಹೇಗೆ? ಮನೆಯಲ್ಲಿದ್ದದ್ದು ಅದೊಂದೇ. ಪದ್ಧತಿಯಂತೆ ಮೂಲೆಗೆ ಕುಂಕುಮದ ಬೊಟ್ಟಿಟ್ಟು ಕೊಟ್ಟು ಬಂದಳು. ಹೋಗಲಿ, ಬಸುರಿ ಹುಡುಗಿ ತೊಟ್ಟುಕೊಳ್ಳಲಿ ಅಂದುಕೊಂಡಳು.

ಅಂದಿನಿಂದ ಆ ಹುಡುಗಿ ತವರಿಗೆ ಬಂದಾಗಲೆಲ್ಲ ಇವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಅವಳ ತೋಳಿಗೆ. ಹಸಿರು ತೋಳು. ಹಳದಿ ತೋಳು. ದಾಳಿಂಬೆ ಇಲ್ಲ.

"ಏನ್ ನೋಡ್ತಿ ಬೇ? ನನ್ನ ತೋಳಾಗ ಹಲ್ಲಿ ಬಿದ್ದೈತೇನು?" ಎಂದು ಹುಡುಗಿ ಒಮ್ಮೆ ನಕ್ಕಳು.

"ಏನಿಲ್ಲ ನಮ್ಮವ್ವಾ, ಕುಪ್ಪಸ ಚಂದೈತಿ." ಇವಳು ಹಂಚಿನ ಕಡೆ ತಿರುಗಿದಳು.

ಒಂಬತ್ತು ವರ್ಷದ ಮೇಲೆ ಇವಳ ಮಗಳ ಕುಬಸ. ಸಾಹುಕಾರ್ತಿ ಬಂದಳು, ಟ್ರಂಕಿನಿಂದ ತಂದ ಖಣವೊಂದನ್ನು ಉಡಿಗೆ ಹಾಕಿದಳು, ಹೋದಳು. ದಾಳಿಂಬೆ ಬಣ್ಣ, ಬಿಳಿ ಚುಕ್ಕೆ. ಮೂಲೆಯಲ್ಲಿ ಹನ್ನೊಂದು ಬೊಟ್ಟು. ಕೊಟ್ಟವರೆಲ್ಲ ಒಂದೊಂದು ಇಟ್ಟಿದ್ದರು. ಇವಳು ಕೊಟ್ಟದ್ದೇ ಊರೆಲ್ಲ ಉಡಿಯಿಂದ ಉಡಿಗೆ ಸುತ್ತಿ, ಸಾಹುಕಾರರ ಟ್ರಂಕಿಗೆ ಮರಳಿ, ಅಲ್ಲಿಂದ ಇಲ್ಲಿಗೆ ಬಂದಿತ್ತು.

ಸಿಟ್ಟು ಬರಲಿಲ್ಲ ಇವಳಿಗೆ. ಖಣ ಎದೆಗವಚಿಕೊಂಡು ಸಿಂಪಿಗನ ಹತ್ತಿರ ನಡೆದಳು. ಅವನು ಬಿಚ್ಚಿದ. ಬಿಚ್ಚಿದ ಹಾಗೆ ಮಡಿಕೆ ಮಡಿಕೆಗೂ ಸೀಳಿತು.

"ಯಕ್ಕಾ, ಮಡಿಕೀ ಗೀರಿನಾಗ ನೂಲು ಸತ್ತೈತಿ. ನಾ ಅಳದ ಮ್ಯಾಲೆ ಇದನ್ನ ಯಾರೂ ಒಮ್ಮಿನೂ ಬಿಚ್ಚಿಲ್ಲ."

"ತೋಳಾದ್ರೂ ಬರ್ತಾವೇನು ನೋಡಪಾ."

"ಒಂದೂ ಬರೂದಿಲ್ಲ."

ಈಗ ಹೇಳಿ, ಆ ಹನ್ನೊಂದು ಬೊಟ್ಟಿನಲ್ಲಿ ನಿಮ್ಮದು ಯಾವುದು? ಕೊಡುವುದು ತಪ್ಪಲ್ಲ. ಬಿಚ್ಚಿ ನೋಡದೆ ಕೊಡುವುದು ತಪ್ಪು. ಬಿಚ್ಚಿ ನೋಡದೆ ಇಡುವುದು ಇನ್ನೂ ದೊಡ್ಡ ತಪ್ಪು. ಇವತ್ತು ಮನೆಗೆ ಹೋಗಿ, ಟ್ರಂಕು ತೆಗೆಯಿರಿ. ಒಂದೊಂದೇ ಖಣ ಬಿಚ್ಚಿ ಅಳೆಯಿರಿ. ತೋಳಿಗೆ ಸಾಲುವುದನ್ನು ಹೊಲಿಸಿ ತೊಡಿ. ಇಲ್ಲವೆ ತೊಡುವವರ ಕೈಗೆ ಕೊಡಿ, ಹೊಲಿಗೆ ಕೂಲಿಯ ಸಮೇತ. ಸಾಲದ್ದನ್ನು ಇನ್ನು ಕೊಳ್ಳಲೇಬೇಡಿ.

ಪುಣ್ಯ ಬಂತೆಂದು ಕೊಟ್ಟವರೆಲ್ಲ ತಿಳಿದರು. ಹೋದದ್ದು ಇಷ್ಟು: ಒಂಬತ್ತು ವರ್ಷ, ಒಂದು ಖಣ, ಎರಡು ತೋಳು.